ದುಬಾರಿ ಕಾರಿನ ಮುಂದಿನ ಗ್ಲಾಸ್: ಒರಿಜಿನಲ್ಲೇ ಬೇಕಾ, ಹೊರಗಿನದ್ದು ಸಾಕಾ?

ಮುಂದೆ ಹೋಗುವ ಲಾರಿಯ ಚಕ್ರದಿಂದ ಒಂದು ಜಲ್ಲಿಕಲ್ಲು ಸಿಡಿದರೆ ಸಾಕು, ದುಬಾರಿ ಕಾರಿನ ಮಾಲೀಕರಿಗೆ ಎರಡು ಥರದ ಸಲಹೆ ಶುರುವಾಗುತ್ತದೆ. "ಗ್ಲಾಸ್ ಅಂದ್ರೆ ಗ್ಲಾಸು, ಶೋರೂಮಿಗೆ ಯಾಕೆ ದುಡ್ಡು ಸುರೀತೀರಿ" ಅನ್ನುವವರು ಕೆಲವರು. "ಅಷ್ಟು ಕೊಟ್ಟು ಕಾರು ತಗೊಂಡು ಗ್ಲಾಸಿಗೆ ಯಾಕೆ ಹಿಂದೆಮುಂದೆ ನೋಡ್ತೀರಿ" ಅನ್ನುವವರು ಇನ್ನು ಕೆಲವರು. ಎರಡು ಸಲಹೆಯೂ ಕಾರನ್ನು ನೋಡದೆ ಹೇಳುವ ಮಾತು. ಒರಿಜಿನಲ್ ಅಂದರೆ ಕಾರು ಕಂಪನಿಯ ಶೋರೂಮಿನಲ್ಲಿ ಸಿಗುವ ಗ್ಲಾಸ್, ಹೊರಗಿನದ್ದು ಅಂದರೆ ಕಾರಿನ ಲೋಗೋ ಇಲ್ಲದೆ ಹೊರಗೆ ಮಾರುವ ಗ್ಲಾಸ್. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಿಗೆ ಹೆಡ್-ಅಪ್ ಡಿಸ್‌ಪ್ಲೇ, ಅಂದರೆ ವೇಗದ ಅಂಕಿಯನ್ನು ಮುಂದಿನ ಗ್ಲಾಸಿನ ಮೇಲೇ ತೋರಿಸುವ ವ್ಯವಸ್ಥೆ, ಇದ್ದರೆ ಒರಿಜಿನಲ್ ಹಾಕಿಸಿ. ಗ್ಲಾಸಿನ ಹಿಂದೆ ಕೂತು ರಸ್ತೆ ನೋಡುವ ಕ್ಯಾಮೆರಾ ಮಾತ್ರ ಇದ್ದರೆ ಹೊರಗಿನದ್ದನ್ನು ಷರತ್ತಿನ ಮೇಲೆ ಒಪ್ಪಬಹುದು. ಎರಡೂ ಇಲ್ಲದ ಹಳೆಯ ಕಾರಾದರೆ ಒಳ್ಳೆಯ ಕಂಪನಿಯ ಹೊರಗಿನ ಗ್ಲಾಸ್ ಧಾರಾಳವಾಗಿ ಸಾಕು. ಆದರೆ ಕೂರಿಸುವವರ ಕೈ ಸರಿಯಿಲ್ಲದಿದ್ದರೆ ಯಾವ ಗ್ಲಾಸ್ ತಂದರೂ ದಂಡ.

ಬದಲಾಯಿಸುವ ಮೊದಲು ರಿಪೇರಿ ಆಗುತ್ತದಾ ಅಂತ ಕೇಳಿ. ಪೆಟ್ಟು ನಾಣ್ಯಕ್ಕಿಂತ ಚಿಕ್ಕದಿದ್ದು, ಹೊರಪದರಕ್ಕೆ ಮಾತ್ರ ಬಿದ್ದಿದ್ದು, ಅಂಚಿನಿಂದ ದೂರ ಇದ್ದರೆ ರೆಸಿನ್ ಅನ್ನುವ ಪಾರದರ್ಶಕ ಅಂಟುದ್ರವ ತುಂಬಿಸಿ ಉಳಿಸಿಕೊಳ್ಳಬಹುದು. ಡ್ರೈವರ್ ಕಣ್ಣಿನ ನೇರದಲ್ಲೋ ಕ್ಯಾಮೆರಾ ಮುಂದೋ ಬಿದ್ದಿದ್ದರೆ ಬೇಡ, ರಿಪೇರಿಯ ಕಲೆ ಅಲ್ಲಿ ಉಳಿದೇ ಉಳಿಯುತ್ತದೆ. ರಿಪೇರಿ ಮಾಡಿಸುವವರೆಗೆ ಪೆಟ್ಟಿನ ಮೇಲೆ ಪಾರದರ್ಶಕ ಟೇಪ್ ಅಂಟಿಸಿಡಿ. ಧೂಳು, ನೀರು ಒಳಗೆ ಹೋದಮೇಲೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ.

ಈಗ ಗ್ಲಾಸಿನ ವಿಷಯ. ಯಾವ ಕಾರಿನದಾದರೂ ಮುಂದಿನ ಗ್ಲಾಸ್ ಎರಡು ಗಾಜಿನ ಹಾಳೆಗಳ ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಪದರ ಇಟ್ಟು ಬೆಸೆದದ್ದು. ಸಾಮಾನ್ಯವಾಗಿ ಈ ಪದರ 0.76 ಮಿಲಿಮೀಟರ್ ದಪ್ಪ ಇರುತ್ತದೆ. ಕಲ್ಲು ಬಿದ್ದಾಗ ಗಾಜು ಚೂರಾಗಿ ಮುಖಕ್ಕೆ ಬೀಳದಂತೆ ಹಿಡಿದುಕೊಳ್ಳುವುದು ಇದೇ. ದುಬಾರಿ ಕಾರಿಗೂ ಸಾದಾ ಕಾರಿಗೂ ನಿಜವಾದ ವ್ಯತ್ಯಾಸ ಇರುವುದು ಈ ಪದರದಲ್ಲಿ. ಅಕೌಸ್ಟಿಕ್ ಗ್ಲಾಸಿನಲ್ಲಿ ಪಿವಿಬಿಯ ನಡುವೆ ಇನ್ನೂ ಮೆದುವಾದ ಒಂದು ಪೊರೆ ಇರುತ್ತದೆ. ಗಾಳಿಯ, ಎಂಜಿನ್ನಿನ ಶಬ್ದದ ಕಂಪನವನ್ನು ಅದು ನುಂಗುತ್ತದೆ. ಕೆಲವು ಗ್ಲಾಸುಗಳಲ್ಲಿ ಬಿಸಿಲಿನ ಶಾಖವನ್ನು ಹೊರಗೇ ತಳ್ಳುವ, ಕಣ್ಣಿಗೆ ಕಾಣದಷ್ಟು ತೆಳುವಾದ ಬೆಳ್ಳಿಯ ಲೇಪ ಇರುತ್ತದೆ. ವೈಪರ್ ನಿಲ್ಲುವ ಜಾಗದಲ್ಲಿ ಬಿಸಿಯಾಗುವ ತಂತಿ, ರೇಡಿಯೋ ಆಂಟೆನಾ, ಕ್ಯಾಮೆರಾ ಎದುರಿನ ಮಂಜು ಕರಗಿಸುವ ಪುಟ್ಟ ಹೀಟರ್, ಹೀಗೆ ಇನ್ನೂ ಏನೇನೋ ಸೇರಿರುತ್ತದೆ.

ಹಾಗಾಗಿ ಒಂದೇ ಮಾಡೆಲ್‌ಗೆ, ಒಂದೇ ವರ್ಷದ ಕಾರಿಗೆ, ನಾಲ್ಕೈದು ಬೇರೆ ಬೇರೆ ಗ್ಲಾಸುಗಳು ಇರುತ್ತವೆ. ಎಲ್ಲದರ ಅಳತೆ ಒಂದೇ, ಎಲ್ಲವೂ ಆ ಚೌಕಟ್ಟಿನಲ್ಲಿ ಕೂರುತ್ತವೆ. ಹೊರಗಿನ ಗ್ಲಾಸ್ ಹಾಕಿಸಿ ಬೇಸರಪಟ್ಟವರಲ್ಲಿ ಎಷ್ಟೋ ಜನರಿಗೆ ಸಿಕ್ಕಿರುವುದು ಕಳಪೆ ಗ್ಲಾಸಲ್ಲ, ತಪ್ಪು ಗ್ಲಾಸು. ಅಕೌಸ್ಟಿಕ್ ಇದ್ದ ಕಾರಿಗೆ ಸಾದಾದ್ದು ಬಂದಿರುತ್ತದೆ. ಕಾರು ತೆಗೆದುಕೊಂಡು ಹೋದಮೇಲೆ ವೇಗದಲ್ಲಿ ಏನೋ ಗುಂಯ್ ಅನ್ನುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. ಲೇಪ ಇದ್ದ ಕಾರಿಗೆ ಲೇಪ ಇಲ್ಲದ್ದು ಬಂದರೆ ಡ್ಯಾಶ್‌ಬೋರ್ಡ್ ಕಾದು, ಏಸಿ ಎಷ್ಟು ಓಡಿದರೂ ತಂಪಾಗುವುದು ತಡ. ಮಾಡೆಲ್ ಹೆಸರು, ವರ್ಷ ಹೇಳಿ ಆರ್ಡರ್ ಮಾಡಬೇಡಿ. ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಹೊರಗಿನದ್ದನ್ನೇ ಹಾಕಿಸುವುದಾದರೂ ಶೋರೂಮಿನಿಂದ ಪಾರ್ಟ್ ನಂಬರ್ ಕೇಳಿ ಪಡೆದು, ಅದಕ್ಕೆ ಸರಿಸಮನಾದದ್ದನ್ನೇ ಕೇಳಿ.

ಹೆಡ್-ಅಪ್ ಡಿಸ್‌ಪ್ಲೇ ವಿಷಯದಲ್ಲಿ ನಾನು ಯಾಕೆ ಇಷ್ಟು ಗಟ್ಟಿಯಾಗಿ ಒರಿಜಿನಲ್ ಅನ್ನುತ್ತೇನೆ ಅಂದರೆ, ಅಲ್ಲಿ ಗ್ಲಾಸೇ ಕನ್ನಡಿ. ಡ್ಯಾಶ್‌ಬೋರ್ಡಿನಿಂದ ಮೇಲೆ ಬರುವ ಬೆಳಕು ಗ್ಲಾಸಿನ ಒಳಮೈಗೆ ತಾಗಿ ಕಣ್ಣಿಗೆ ಬರುತ್ತದೆ. ಸ್ವಲ್ಪ ಬೆಳಕು ಒಳಗೆ ನುಗ್ಗಿ ಹೊರಮೈಗೂ ತಾಗಿ ವಾಪಸ್ ಬರುತ್ತದೆ. ಎರಡು ಮೈ ಸಮಾನಾಂತರವಾಗಿದ್ದರೆ ಎರಡು ಚಿತ್ರ ಕಾಣುತ್ತದೆ. 80 ಅನ್ನುವ ಅಂಕಿಯ ಮೇಲೆ ಸ್ವಲ್ಪ ಸರಿದು ಇನ್ನೊಂದು ಮಸುಕು 80. ಇದನ್ನು ತಪ್ಪಿಸಲು ಒರಿಜಿನಲ್ ಗ್ಲಾಸಿನ ಪಿವಿಬಿಯನ್ನು ಕೆಳಗೆ ತೆಳು, ಮೇಲಕ್ಕೆ ಹೋದಂತೆ ದಪ್ಪ, ಅಂದರೆ ಸೀಳುಬೆಣೆಯ ಆಕಾರದಲ್ಲಿ ಮಾಡಿರುತ್ತಾರೆ. ಮೇಲಿಗೂ ಕೆಳಗಿಗೂ ವ್ಯತ್ಯಾಸ ಅರ್ಧ ಮಿಲಿಮೀಟರ್ ಆಸುಪಾಸು. ಅಷ್ಟು ಸಣ್ಣ ಓರೆಯಿಂದ ಎರಡೂ ಚಿತ್ರಗಳು ಒಂದರ ಮೇಲೊಂದು ಕೂತು ಒಂದೇ ಆಗಿ ಕಾಣುತ್ತವೆ. ಈ ಓರೆಯನ್ನು ಆ ಕಾರಿನ ಗ್ಲಾಸಿನ ಬಾಗು, ಪ್ರೊಜೆಕ್ಟರಿನ ಕೋನ, ಡ್ರೈವರ್ ಕಣ್ಣಿನ ಎತ್ತರಕ್ಕೆ ತಕ್ಕಂತೆ ಲೆಕ್ಕ ಹಾಕಿರುತ್ತಾರೆ. ಹೊರಗಿನ ಗ್ಲಾಸಿನ ಮೇಲೆ "ಹೆಡ್-ಅಪ್ ಡಿಸ್‌ಪ್ಲೇಗೆ ಹೊಂದುತ್ತದೆ" ಅಂತ ಬರೆದಿದ್ದರೂ ಅದೇ ಓರೆ ಇದೆ ಅಂತ ಕಣ್ಣಿನಿಂದ ನೋಡಿ ಹೇಳಲು ಬರುವುದಿಲ್ಲ. ಕೂರಿಸಿದ ಮೇಲೆ, ರಾತ್ರಿ ಹೊತ್ತು ಅಂಕಿ ಎರಡೆರಡಾಗಿ ಕಂಡಾಗಲೇ ಗೊತ್ತಾಗುವುದು. ಸೆಟ್ಟಿಂಗಿನಲ್ಲಿ ಚಿತ್ರವನ್ನು ಮೇಲೆ ಕೆಳಗೆ ಸರಿಸಬಹುದು, ಜೋಡಿಚಿತ್ರವನ್ನು ಒಂದು ಮಾಡಲಾಗದು. ಗ್ಲಾಸ್ ಮತ್ತೆ ತೆಗೆಯಲೇಬೇಕು. ಎರಡು ಸಲದ ಖರ್ಚು ಸೇರಿಸಿ ನೋಡಿದರೆ ಉಳಿತಾಯ ಎಲ್ಲಿಂದ ಬಂತು?

ಕ್ಯಾಮೆರಾ ಸಂಗತಿ ಬೇರೆ. ಲೇನ್ ನೋಡುವ, ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯ ಕಣ್ಣು ಒಳಗಿನ ಕನ್ನಡಿಯ ಹಿಂದೆ ಇರುತ್ತದೆ. ಅದನ್ನು ಹಿಡಿದಿರುವ ಬ್ರಾಕೆಟ್ ಗ್ಲಾಸಿಗೇ ಅಂಟಿರುತ್ತದೆ. ಬ್ರಾಕೆಟ್ ಒಂದು ಡಿಗ್ರಿ ಓರೆಯಾದರೆ 100 ಮೀಟರ್ ದೂರದಲ್ಲಿ ಸುಮಾರು 1.75 ಮೀಟರ್ ಸರಿದು ಕಾಣುತ್ತದೆ, ಹತ್ತಿರ ಹತ್ತಿರ ಅರ್ಧ ಲೇನ್. ಕ್ಯಾಲಿಬ್ರೇಶನ್, ಅಂದರೆ ಕ್ಯಾಮೆರಾಗೆ ಹೊಸದಾಗಿ ದಿಕ್ಕು ತೋರಿಸುವ ಕೆಲಸ, ಸ್ವಲ್ಪ ತಪ್ಪನ್ನು ಸರಿಪಡಿಸುತ್ತದೆ, ಮಿತಿ ಮೀರಿದರೆ ಕ್ಯಾಮೆರಾ ಒಪ್ಪುವುದಿಲ್ಲ. ಹೊರಗಿನ ಗ್ಲಾಸ್ ಹಾಕಿಸುವವರು ಮೂರು ಷರತ್ತು ಇಡಿ. ಬ್ರಾಕೆಟ್ ಫ್ಯಾಕ್ಟರಿಯಲ್ಲೇ ಅಂಟಿಸಿ ಬಂದಿರಬೇಕು, ಹಳೆಯ ಗ್ಲಾಸಿನಿಂದ ಕಿತ್ತು ಗ್ಯಾರೇಜಿನಲ್ಲಿ ಅಂಟಿಸಿದ್ದು ಬೇಡವೇ ಬೇಡ. ಕ್ಯಾಮೆರಾ ನೋಡುವ ಕಿಟಕಿಯ ಭಾಗದಲ್ಲಿ ಗಾಜು ಅಲೆಅಲೆಯಾಗಿ ಕಾಣಬಾರದು. ಕ್ಯಾಲಿಬ್ರೇಶನ್ ಆಗದಿದ್ದರೆ ಗ್ಲಾಸ್ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಕೆಲಸಕ್ಕೆ ಮೊದಲೇ ಬರೆದು ಕೊಡಬೇಕು. ಬರೆದು ಕೊಡಲು ಹಿಂಜರಿಯುವವರ ಹತ್ತಿರ ಕೆಲಸ ಮಾಡಿಸಬೇಡಿ.

ಗ್ಲಾಸಿನ ಮೂಲೆಯಲ್ಲಿ ಕೊರೆದ ಗುರುತನ್ನು ಓದುವುದು ಕಲಿಯಿರಿ, ಐದು ನಿಮಿಷದ ಕೆಲಸ. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ ಇದ್ದರೆ ಅದು ಯುರೋಪಿನ ಒಪ್ಪಿಗೆ ಕೊಟ್ಟ ದೇಶ: 1 ಜರ್ಮನಿ, 2 ಫ್ರಾನ್ಸ್, 4 ನೆದರ್ಲೆಂಡ್ಸ್. ಜೊತೆಗಿರುವ 43ಆರ್ ಅನ್ನುವುದು ವಾಹನದ ಗಾಜಿನ ನಿಯಮದ ಸಂಖ್ಯೆ. ಡಿಒಟಿ ಅಂತ ಬರೆದು ಮುಂದೆ ಸಂಖ್ಯೆ ಇದ್ದರೆ ಅದು ಅಮೆರಿಕದ ಪದ್ಧತಿಯಲ್ಲಿ ಗಾಜು ಮಾಡಿದ ಕಂಪನಿಯ ಗುರುತು. ಹಳೆಯ ಗ್ಲಾಸಿನ ಡಿಒಟಿ ಸಂಖ್ಯೆಯೂ ಹೊಸದರದ್ದೂ ಒಂದೇ ಇದ್ದರೆ ಎರಡನ್ನೂ ಮಾಡಿದವರು ಒಬ್ಬರೇ. ಕಾರು ಕಂಪನಿಗಳು ಸಾಮಾನ್ಯವಾಗಿ ಗಾಜನ್ನು ತಾವೇ ಮಾಡುವುದಿಲ್ಲ. ಸೇಂಟ್ ಗೋಬೈನ್ ಸೆಕ್ಯುರಿಟ್, ಎಜಿಸಿ, ಪಿಲ್ಕಿಂಗ್ಟನ್, ಫುಯಾವೋ ಇಂಥವರು ಮಾಡಿ ಕೊಡುತ್ತಾರೆ, ಕಾರಿನ ಲೋಗೋ ಇಲ್ಲದೆ ಹೊರಗೂ ಮಾರುತ್ತಾರೆ. ಹೊರಗಿನ ಗ್ಲಾಸ್ ಬೇಕಾದವರಿಗೆ ಇದೇ ಒಳ್ಳೆಯ ದಾರಿ. ಆದರೆ ಹೆಸರು ಒಂದೇ ಅಂದಮಾತ್ರಕ್ಕೆ ಒಳಗಿನ ಪದರವೂ ಒಂದೇ ಅಂತ ಅಲ್ಲ. ಆ ಸರಕಾರಿ ಗುರುತುಗಳು ಗಾಜು ಸುರಕ್ಷಿತ, ಬೆಳಕು ಬೇಕಾದಷ್ಟು ಬಿಡುತ್ತದೆ ಅಂತ ಮಾತ್ರ ಹೇಳುತ್ತವೆ. ಅಕೌಸ್ಟಿಕ್ ಹೌದಾ, ಬೆಣೆ ಇದೆಯಾ ಅನ್ನುವುದಕ್ಕೆ ಪಾರ್ಟ್ ನಂಬರೇ ಸಾಕ್ಷಿ.

ಕೂರಿಸುವ ಕೆಲಸದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಡಿಕ್ಕಿಯಾದಾಗ ಪಕ್ಕದ ಸೀಟಿನ ಏರ್‌ಬ್ಯಾಗ್ ಮೇಲೆದ್ದು ಈ ಗ್ಲಾಸಿಗೆ ಒರಗಿ ತಿರುಗಿ ಬರುತ್ತದೆ. ಕಾರು ಮಗುಚಿದರೆ ಛಾವಣಿ ಕುಸಿಯದಂತೆ ಹಿಡಿಯುವುದರಲ್ಲೂ ಈ ಗ್ಲಾಸಿನ ಪಾಲಿದೆ. ಅಂಟು ಬಿಟ್ಟರೆ ಎರಡೂ ಇಲ್ಲ.

ಹಳೆಯ ಗ್ಲಾಸನ್ನು ತಂತಿಯಿಂದ ಕೊಯ್ದು ತೆಗೆಯುವುದು ಒಳ್ಳೆಯದು. ಬ್ಲೇಡ್ ಹಾಕಿ ಎಳೆದರೆ ಚೌಕಟ್ಟಿನ ಬಣ್ಣ ಗೀರುತ್ತದೆ. ಗೀರು ಬಿದ್ದ ಕಡೆ ಪ್ರೈಮರ್ (ಅಂಟಿಗೆ ಮೊದಲು ಹಚ್ಚುವ ದ್ರವ) ಹಚ್ಚದೆ ಅಂಟು ಹಾಕಿದರೆ ಒಳಗೊಳಗೇ ತುಕ್ಕು ಹಿಡಿದು ಒಂದೆರಡು ಮಳೆಗಾಲದಲ್ಲಿ ಅಂಟನ್ನೇ ಎಬ್ಬಿಸುತ್ತದೆ. ಹಳೆಯ ಅಂಟನ್ನು ಪೂರ್ತಿ ಕೆರೆದು ತಗಡು ಕಾಣಿಸುವುದೂ ತಪ್ಪು. ಒಂದೆರಡು ಮಿಲಿಮೀಟರ್ ದಪ್ಪ ಸಮನಾಗಿ ಉಳಿಸಬೇಕು, ಹೊಸ ಅಂಟು ಹಿಡಿಯಲು ಅದಕ್ಕಿಂತ ಒಳ್ಳೆಯ ಮೈ ಇಲ್ಲ. ಗ್ಲಾಸಿನ ಅಂಚಿನ ಕಪ್ಪು ಪಟ್ಟಿಯನ್ನು ಆಕ್ಟಿವೇಟರ್ ಅನ್ನುವ ಶುಚಿ ಮಾಡುವ ದ್ರವದಿಂದ ಒರೆಸಿ, ಪ್ರೈಮರ್ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಆರಲು ಬಿಡಬೇಕು. ಆಮೇಲೆ ಬರಿಗೈ ತಾಗಿದರೆ ಬೆರಳಿನ ಜಿಡ್ಡು ಕೂತ ಜಾಗದಲ್ಲಿ ಅಂಟು ಹಿಡಿಯುವುದಿಲ್ಲ. ಯುರೇಥೇನ್ ಅಂಟನ್ನು ವಿ ಆಕಾರಕ್ಕೆ ಕತ್ತರಿಸಿದ ಮೂತಿಯಿಂದ, ತ್ರಿಕೋನದ ಏರಿಯಂತೆ, ಎಲ್ಲೂ ತುಂಡಾಗದೆ ಸುತ್ತ ಎಳೆಯಬೇಕು. ಗ್ಲಾಸ್ ಒತ್ತಿದಾಗ ಅದು ಸಮನಾಗಿ ಹರಡುತ್ತದೆ. ಒಂದು ಕಡೆ ಅಂಟಿನ ಏರಿ ತಗ್ಗಾಗಿದ್ದರೆ ಮಳೆ ಬಂದಾಗ ಅಲ್ಲೇ ನೀರು ಒಸರುವುದು. ದುಬಾರಿ ಕಾರುಗಳಲ್ಲಿ ಈ ನೀರು ಗ್ಲಾಸಿನ ಪಕ್ಕದ ಕಂಬದ (ಪಿಲ್ಲರ್) ಒಳಗಿಂದ ಇಳಿದು ಕಾರ್ಪೆಟ್ ಕೆಳಗೆ ನಿಲ್ಲುತ್ತದೆ, ಹಲವು ಮಾಡೆಲ್‌ಗಳಲ್ಲಿ ಕಾರಿನ ಎಲೆಕ್ಟ್ರಾನಿಕ್ ಕಂಟ್ರೋಲ್ ಯೂನಿಟ್ಟುಗಳೂ ಅಲ್ಲೇ ಇರುತ್ತವೆ. ಅಲ್ಯೂಮಿನಿಯಂ ಬಾಡಿಯ ಅಥವಾ ಗ್ಲಾಸಿನಲ್ಲಿ ಆಂಟೆನಾ ಇರುವ ಕಾರಾದರೆ ವಿದ್ಯುತ್ ಹರಿಯಗೊಡದ ಅಂಟೇ ಬೇಕು ಅಂತ ಹೇಳಿ ಮಾಡಿಸಿ. ಟ್ಯೂಬಿನ ಮೇಲಿನ ಎಕ್ಸ್‌ಪೈರಿ ತಾರೀಕನ್ನು ನೀವೇ ನೋಡಿ, ನಾಚಿಕೆ ಬೇಡ.

ಮಳೆ ಸೆನ್ಸರ್ ಒಂದು ಸಣ್ಣ ವಸ್ತು, ದೊಡ್ಡ ಕಿರಿಕಿರಿ. ಅದು ಅವಗೆಂಪು ಬೆಳಕನ್ನು ಗಾಜಿನೊಳಗೆ ಬಿಟ್ಟು ಎಷ್ಟು ವಾಪಸ್ ಬಂತು ಅಂತ ಅಳೆಯುತ್ತದೆ. ಹೊರಗೆ ನೀರಿನ ಹನಿ ಇದ್ದರೆ ಬೆಳಕು ಹೊರಗೆ ಸೋರಿ ಹೋಗುತ್ತದೆ, ವೈಪರ್ ಓಡುತ್ತದೆ. ಸೆನ್ಸರಿಗೂ ಗಾಜಿಗೂ ನಡುವೆ ಜೆಲ್ ಪ್ಯಾಡ್ ಇರುತ್ತದೆ. ಹಳೆಯ ಪ್ಯಾಡನ್ನೇ ಮತ್ತೆ ಒತ್ತಿದರೆ ಗಾಳಿಗುಳ್ಳೆ ಸೇರಿ ಬಿಸಿಲಲ್ಲಿ ವೈಪರ್ ಓಡುತ್ತದೆ, ಇಲ್ಲಾ ಮಳೆಯಲ್ಲಿ ಸುಮ್ಮನಿರುತ್ತದೆ. ಹೊಸ ಪ್ಯಾಡ್, ಗ್ಲಾಸಿನ ಅಂಚಿನ ಹೊಸ ಪಟ್ಟಿ (ಮೋಲ್ಡಿಂಗ್), ಪಿಲ್ಲರ್ ಮುಚ್ಚುವ ಟ್ರಿಮ್ಮಿನ ಹೊಸ ಕ್ಲಿಪ್ಪುಗಳು ಕೊಟೇಶನ್ನಿನಲ್ಲಿ ಇವೆಯಾ ನೋಡಿ. ಕಡಿಮೆ ರೇಟಿನ ಕೊಟೇಶನ್‌ಗಳು ಸಾಮಾನ್ಯವಾಗಿ ಇಲ್ಲೇ ಕಡಿಮೆಯಾಗಿರುತ್ತವೆ.

ಈ ಅಂಟು ಗಾಳಿಯ ತೇವದಿಂದ ಗಟ್ಟಿಯಾಗುತ್ತದೆ, ಹೊರಗಿನಿಂದ ಒಳಕ್ಕೆ, ದಿನಕ್ಕೆ ಸುಮಾರು ಮೂರು ನಾಲ್ಕು ಮಿಲಿಮೀಟರ್. ಒಣ ಹವೆ, ಚಳಿ ಇದ್ದರೆ ಇನ್ನೂ ನಿಧಾನ. ಓಡಿಸಲು ಸುರಕ್ಷಿತವಾಗುವ ಹೊತ್ತು ಅಂಟಿನ ಕಂಪನಿಯನ್ನು ಅವಲಂಬಿಸಿದೆ, ಕೆಲವಕ್ಕೆ ಒಂದು ಗಂಟೆ, ಕೆಲವಕ್ಕೆ ಅರ್ಧ ದಿನ. ಹೊಸ ಗ್ಲಾಸ್ ಅಲುಗದಂತೆ ಅಂಟಿಸಿದ ಟೇಪನ್ನು ಮೊದಲ ದಿನ ಕೀಳಬೇಡಿ, ಒಂದು ಕಿಟಕಿಯನ್ನು ಬೆರಳಗಲ ಇಳಿಸಿಡಿ. ಬಿಗಿಯಾದ ಕಾರಿನಲ್ಲಿ ಬಾಗಿಲು ಧಡಾರನೆ ಹಾಕಿದರೆ ಒಳಗಿನ ಗಾಳಿ ಹಸಿ ಅಂಟಿನ ಮೇಲಿರುವ ಗ್ಲಾಸನ್ನು ಹೊರಕ್ಕೆ ತಳ್ಳುತ್ತದೆ. ಪ್ರೆಶರ್ ವಾಶ್ ಎರಡು ದಿನ ಬೇಡ.

ಕ್ಯಾಲಿಬ್ರೇಶನ್ನಿಗೆ ಸಮತಟ್ಟಾದ ನೆಲ, ಸರಿಯಾದ ಟೈರ್ ಗಾಳಿ, ಖಾಲಿ ಡಿಕ್ಕಿ ಬೇಕು. ಏರ್ ಸಸ್ಪೆನ್ಶನ್ ಇದ್ದರೆ ಅದು ಮಾಮೂಲಿ ಎತ್ತರದಲ್ಲಿರಬೇಕು. ಕೆಲವು ಕಾರುಗಳಿಗೆ ಅಳೆದ ದೂರದಲ್ಲಿ ಬೋರ್ಡ್ ನಿಲ್ಲಿಸಿ ಮಾಡುತ್ತಾರೆ, ಕೆಲವಕ್ಕೆ ಲೇನ್ ಗೆರೆ ಚೆನ್ನಾಗಿರುವ ರಸ್ತೆಯಲ್ಲಿ ಓಡಿಸಿ ಮಾಡುತ್ತಾರೆ, ಕೆಲವಕ್ಕೆ ಎರಡೂ ಬೇಕು. "ಡ್ಯಾಶ್‌ಬೋರ್ಡಲ್ಲಿ ಲೈಟ್ ಬಂದಿಲ್ವಲ್ಲ ಸಾರ್, ಬೇಕಾಗಿಲ್ಲ" ಅಂದರೆ ಒಪ್ಪಬೇಡಿ. ಓರೆಯಾಗಿ ನೋಡುತ್ತಿರುವ ಕ್ಯಾಮೆರಾ ಎಚ್ಚರಿಕೆ ಲೈಟ್ ಹಾಕದೆಯೂ ಇರಬಹುದು. ಒರಿಜಿನಲ್ ಗ್ಲಾಸ್ ಹಾಕಿಸಿದರೂ ಇದು ತಪ್ಪುವುದಿಲ್ಲ, ಕ್ಯಾಮೆರಾ ಬಿಚ್ಚಿ ಹಾಕಿದ ಮೇಲೆ ಅದಕ್ಕೆ ಹೊಸದಾಗಿ ದಿಕ್ಕು ತೋರಿಸಬೇಕು.

ಕಾರು ವಾಪಸ್ ತೆಗೆದುಕೊಳ್ಳುವ ದಿನ ಹಗಲು ಹೊತ್ತಿನಲ್ಲೇ ಹೋಗಿ. ಡ್ರೈವರ್ ಸೀಟಿನಲ್ಲಿ ಕೂತು ಎದುರಿನ ಕಂಬವನ್ನೋ ಗೋಡೆಯ ಅಂಚನ್ನೋ ನೋಡುತ್ತಾ ತಲೆಯನ್ನು ನಿಧಾನಕ್ಕೆ ಎಡಬಲಕ್ಕೆ ಆಡಿಸಿ. ನೇರ ಗೆರೆ ಹಾವಿನಂತೆ ಅಲುಗಾಡಿದರೆ ಗ್ಲಾಸ್ ಸರಿಯಿಲ್ಲ, ಅದರಲ್ಲೇ ದಿನಾ ಓಡಿಸಿದರೆ ಕಣ್ಣು ನೋಯುತ್ತದೆ. ಹೆಡ್-ಅಪ್ ಡಿಸ್‌ಪ್ಲೇ ಇದ್ದರೆ ಕಾರನ್ನು ನೆರಳಿಗೆ ತಂದು ಅಂಕಿಗಳನ್ನು ನೋಡಿ. ಕೂಲಿಂಗ್ ಗ್ಲಾಸ್ ತೆಗೆದಿಟ್ಟು ನೋಡಿ, ಪೋಲರೈಸ್ಡ್ ಆಗಿದ್ದರೆ ಆ ಚಿತ್ರ ಮಸುಕಾಗುತ್ತದೆ. ಸೆನ್ಸರ್ ಇರುವ ಜಾಗಕ್ಕೆ ನೀರು ಚಿಮುಕಿಸಿ ವೈಪರ್ ಆಟೋದಲ್ಲಿ ಓಡುತ್ತದಾ ಪರೀಕ್ಷಿಸಿ. ಮೋಲ್ಡಿಂಗ್ ಸುತ್ತ ಬೆರಳಾಡಿಸಿ, ಎರಡೂ ಬದಿಯ ಸಂದು ಒಂದೇ ಅಗಲ ಇರಬೇಕು. ಬಿಲ್ಲಿನಲ್ಲಿ ಪಾರ್ಟ್ ನಂಬರ್, ಅಂಟಿನ ಹೆಸರು, ಕ್ಯಾಲಿಬ್ರೇಶನ್ ಪಾಸ್ ಆದ ಪ್ರಿಂಟ್ ಮೂರೂ ಕೈಗೆ ಸಿಕ್ಕಮೇಲೆ ಸಹಿ ಹಾಕಿ.