ಗ್ಯಾರೇಜಿನಲ್ಲಿ ಮಲಗಿರುವ ಅಂಜೂರ

ಷಿಕಾಗೋದ ಚಳಿಗಾಲದಲ್ಲಿ ನಮ್ಮ ಕಾರು ಮನೆಯ ಮುಂದೆ ಹಿಮ ಹೊದ್ದು ನಿಂತಿರುವುದಕ್ಕೂ, ಗ್ಯಾರೇಜಿನೊಳಗೆ ಅದರ ಜಾಗದಲ್ಲಿ ಮೂರು ಕುಂಡಗಳು ಠೀವಿಯಿಂದ ಕುಳಿತಿರುವುದಕ್ಕೂ ಕಾರಣ ಅಂಜೂರ. ಕುಂಡಗಳಲ್ಲಿ ಇರುವುದು ಒಂದೆಲೆಯೂ ಇಲ್ಲದ ಬೋಳು ಕಡ್ಡಿಗಳು. ಒಣಗಿದ ಗಿಡಗಳನ್ನು ಏಕೆ ಒಳಗಿಟ್ಟಿದ್ದೀರಿ ಎಂದು ಮನೆಗೆ ಬಂದವರು ಕೇಳಿದರೆ, ನನ್ನ ಹೆಂಡತಿ ಉತ್ತರಿಸುವ ಹೊಣೆಯನ್ನು ನನಗೆ ಬಿಟ್ಟು ಕಾಫಿ ಮಾಡಲು ಹೋಗುತ್ತಾಳೆ.

ಗಂಜಾಂ, ಬಳ್ಳಾರಿ ಎಂದು ಊರಿನ ಹೆಸರನ್ನೇ ಅಂಜೂರದ ತಳಿಗೆ ಇಟ್ಟುಕೊಂಡಿರುವ ನಾಡಿನಿಂದ ಬಂದವನಿಗೆ, ಗಿಡವನ್ನು ಬೆಳೆಸುವುದಷ್ಟೇ ಅಲ್ಲ, ಮಲಗಿಸುವುದೂ ಒಂದು ವಿದ್ಯೆ ಎಂಬುದು ಹೊಳೆಯಲೇ ಇಲ್ಲ. ಮೊದಲ ವರ್ಷ ಚಳಿ ಶುರುವಾದೊಡನೆ ಅದನ್ನು ಕರಿಬೇವಿನ ಪಕ್ಕದಲ್ಲಿ, ಬೆಚ್ಚಗಿನ ಹಜಾರದ ಕಿಟಕಿಗೆ ತಂದಿಟ್ಟೆ. ಜನವರಿಯಲ್ಲಿ ಚಿಗುರಿತು, ನಾನು ಬೀಗಿದೆ. ಆ ಮಂದ ಬಿಸಿಲಿಗೆ ಚಿಗುರು ಬಿಳಿಚಿಕೊಂಡು ನೀಳವಾಯಿತು, ಎಲೆಗಳ ಅಡಿಯಲ್ಲಿ ನುಸಿ ಬಲೆ ಕಟ್ಟಿತು, ಬೇಸಿಗೆಯ ಹೊತ್ತಿಗೆ ಗಿಡ ಜ್ವರದಿಂದ ಎದ್ದವರ ಹಾಗೆ ಕಾಣುತ್ತಿತ್ತು. ಕರಿಬೇವಿಗೆ ಬೇಕಾದದ್ದು ಬಿಸುಪು. ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆಹೋಗುವ ಅಂಜೂರಕ್ಕೆ ಬೇಕಾದದ್ದು ಹೆಪ್ಪುಗಟ್ಟಿಸದಷ್ಟು ಚಳಿ, ಎಂದರೆ ಸುಮಾರು 0ಯಿಂದ 7 ಡಿಗ್ರಿ ಸೆಲ್ಸಿಯಸ್. ಎಲೆ ಇಲ್ಲದ್ದಕ್ಕೆ ಬೆಳಕಿನ ಹಂಗೂ ಇಲ್ಲ.

ಹಾಗಾದರೆ ಹೊರಗೇ ಬಿಡಬಹುದಲ್ಲ ಎಂದರೆ, ಬಿಡಲಾಗದು. ನೆಲದಲ್ಲಿ ನೆಟ್ಟ ಮರದ ಬೇರಿಗೆ ಭೂಮಿಯ ಆಳದ ಶಾಖದ ಆಸರೆ ಇರುತ್ತದೆ. ಕುಂಡದ ಮಣ್ಣಿಗೆ ನಾಲ್ಕೂ ಸುತ್ತಿನಿಂದ ಶೀತ ನುಗ್ಗುತ್ತದೆ, ಬೇರುಗಳೋ ಕೊಂಬೆಗಳಿಗಿಂತ ನಾಜೂಕು. ಇಟಲಿಯಿಂದ ಅಮೆರಿಕಕ್ಕೆ ವಲಸೆ ಬಂದವರು ಹಿತ್ತಲಿನ ಅಂಜೂರದ ಒಂದು ಬದಿಯ ಬೇರನ್ನು ಕಡಿದು, ಮರವನ್ನೇ ಬಾಗಿಸಿ ಕಂದಕದಲ್ಲಿ ಹೂತು, ವಸಂತದಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸುತ್ತಿದ್ದರು. ಕುಂಡದ ದಾರಿಗೂ ಹಳೆಯ ಘನತೆ ಇದೆ: ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಗೆ ಅಂಜೂರವೆಂದರೆ ಪ್ರಾಣವಾದ್ದರಿಂದ, 1678ರಲ್ಲಿ ವರ್ಸೇಲ್ಸಿನ ಅರಮನೆಯ ಕೈತೋಟವನ್ನು ಕಟ್ಟಲು ಆರಂಭಿಸಿದ ಲಾ ಕ್ಯಾಂಟಿನಿ ನೂರಾರು ಗಿಡಗಳನ್ನು ಮರದ ಪೆಟ್ಟಿಗೆಗಳಲ್ಲಿ ಬೆಳೆಸಿ ಚಳಿಗಾಲಕ್ಕೆ ಒಳಗೆ ಸಾಗಿಸುತ್ತಿದ್ದ. ಅವನಿಗೆ ಆಳುಗಳಿದ್ದರು, ನನಗೆ ಸೊಂಟನೋವಿದೆ.

ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗಂತೂ ಕೂಸಿನ ಬಾಣಂತನ. ಗಿಡ ಎಚ್ಚರಗೊಂಡಿರುತ್ತದೆ, ಇರುಳಿನ ಮಂಜು ಇನ್ನೂ ಕೊಲ್ಲುತ್ತಿರುತ್ತದೆ. ಆದ್ದರಿಂದ ಬೆಳಗ್ಗೆ ಹೊರಗೆ, ಸಂಜೆ ಒಳಗೆ. ಆಮೇಲೆ ಎಳೆಯ ರೆಂಬೆಯಲ್ಲಿ ಐದಾರು ಎಲೆ ಮೂಡಿದಾಗ ತುದಿ ಚಿವುಟಿದರೆ ಎಲೆಯ ಸಂದಿನಲ್ಲಿ ಕಾಯಿ ಕಾಣಿಸಿಕೊಳ್ಳುತ್ತದೆ. ನಮ್ಮ ಅತ್ತಿಯ ದಾಯಾದಿಯಾದ್ದರಿಂದ ಇದರ ಹೂವೂ ಕಾಯಿಯ ಒಳಗೇ ಅರಳುತ್ತದೆ. ಕೆಲವು ತಳಿಗಳಲ್ಲಿ ಪುಟ್ಟ ಕಣಜದ ಹುಳು ಒಳಹೊಕ್ಕು ಪರಾಗ ಮುಟ್ಟಿಸಿದರೆ ಮಾತ್ರ ಹಣ್ಣು. ಆದರೆ ನನ್ನ ಗಿಡಗಳ ತಳಿಗೆ ಅದರ ನೆರವು ಬೇಡವಾದ್ದರಿಂದ, ಹಣ್ಣು ಬಿಚ್ಚಿದಾಗ ಹುಳ ಹುಡುಕಬೇಕಾದ ಪ್ರಮೇಯವಿಲ್ಲ. ಕಾಯಿ ವಾರಗಟ್ಟಲೆ ಕಲ್ಲಿನಂತೆ ಕುಳಿತು, ಇನ್ನು ಆಗದೆಂದುಕೊಂಡಾಗ ಕೆಲವೇ ದಿನಗಳಲ್ಲಿ ಉಬ್ಬಿ, ಕತ್ತು ಬಾಗಿಸಿ, ಬುಡದ ಕಣ್ಣಿನಲ್ಲಿ ಜೇನಹನಿ ತೋರುತ್ತದೆ. ಮೊದಲೇ ಕಿತ್ತರೆ ಮನೆಯಲ್ಲಿಟ್ಟು ಮಾಗಿಸಲು ಇದು ಮಾವಲ್ಲ. ಕಳೆದ ವರ್ಷ ಇಪ್ಪತ್ತಮೂರು ಹಣ್ಣು ತಿಂದೆವು. ಹನ್ನೊಂದು ಹಸಿರಾಗಿಯೇ ಅಕ್ಟೋಬರಿನ ಮಂಜಿಗೆ ಸಿಕ್ಕವು.

ಈಗ ಫೆಬ್ರವರಿ. ತಣ್ಣಗಿನ ಒದ್ದೆ ಮಣ್ಣಿನಲ್ಲಿ ಬೇರು ಕೊಳೆಯುವುದರಿಂದ ತಿಂಗಳಿಗೊಮ್ಮೆ ಒಂದೆರಡು ಲೋಟ ನೀರು ಸಾಕೆಂದು ಬಲ್ಲೆ. ಆದರೂ ರಾತ್ರಿ ಕಸ ಹಾಕಲು ಹೋದಾಗ ನಿಂತು, ಕಡ್ಡಿಯ ತೊಗಟೆಯನ್ನು ಉಗುರಿನಿಂದ ಒಂದಿಷ್ಟೇ ಕೆರೆದು, ಕೆಳಗಿನ ಹಸಿರನ್ನು ನೋಡುತ್ತೇನೆ. ನೋಡಿದ ಸಂತೋಷಕ್ಕೆ, ಹೆಂಡತಿಗೆ ತಿಳಿಯದಂತೆ, ಅರ್ಧ ಲೋಟ ಹೆಚ್ಚಿಗೆ ಹಾಕಿಬಿಡುತ್ತೇನೆ.