ಹತ್ತು ಕಡೆ ಇದ್ದರೂ ಸಾಕ್ಷಿ ಒಂದೇ

ಕಾರವಾರದಲ್ಲಿ ಬಿ.ಎ. ಓದುತ್ತಿರುವ ನನ್ನ ಅಣ್ಣನ ಮಗಳು ಕಳೆದ ತಿಂಗಳು ಶಿರಸಿಗೆ ಬಂದಾಗ, ಕಾಲೇಜಿನಲ್ಲಿ ಕೊಟ್ಟ ಕಿರುಸಂಶೋಧನೆಯ ಕರಡನ್ನು ಓದಲು ನನಗೆ ಕೊಟ್ಟಳು. ವಿಷಯ, ಕಾರವಾರದಲ್ಲಿ ರವೀಂದ್ರನಾಥ ಟಾಗೋರರು. ಮೊದಲ ಪುಟದಲ್ಲೇ '22 ವರ್ಷದ ಟಾಗೋರರು 1882ರಲ್ಲಿ ಕಾರವಾರಕ್ಕೆ ಬಂದರು' ಎಂದಿತ್ತು. ಅವರು ಹುಟ್ಟಿದ್ದು 1861ರ ಮೇ 7ರಂದು. 1882 ಮುಗಿಯುವಾಗಲೂ ಅವರಿಗೆ 21 ವರ್ಷ. ಅಂದರೆ ಆ ವಾಕ್ಯದೊಳಗಿನ ಎರಡು ಅಂಕೆಗಳೇ ಒಂದಕ್ಕೊಂದು ಹೊಂದುವುದಿಲ್ಲ. ಇದನ್ನು ಹೇಳಿದ್ದಕ್ಕೆ ಅವಳು, "ಹತ್ತು ಕಡೆ ಹಂಗೇ ಇದ್ದು ಅಪ್ಪಚ್ಚಿ" ಎಂದಳು.

ಆ ಹತ್ತನ್ನೂ ಇಬ್ಬರೂ ಕೂತು ನೋಡಿದೆವು. ಪ್ರವಾಸದ ಜಾಲತಾಣಗಳು, ಎರಡು ಪತ್ರಿಕಾ ಲೇಖನಗಳು, ಒಂದು ವಿಡಿಯೊದ ವಿವರಣೆ. ವಾಕ್ಯರಚನೆ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ, ಒಂದು ಕಾಗುಣಿತದ ತಪ್ಪು ಕೂಡ ಮೂರು ಕಡೆ ಹಾಗೆಯೇ ಉಳಿದುಕೊಂಡಿತ್ತು. ಒಬ್ಬರ ಉತ್ತರಪತ್ರಿಕೆಯನ್ನು ಹತ್ತು ಜನ ನಕಲು ಮಾಡಿದರೆ ಪರೀಕ್ಷೆ ಬರೆದವರು ಹನ್ನೊಂದು ಜನ ಎನ್ನಲಾಗುವುದಿಲ್ಲವಲ್ಲ. ಹತ್ತರಲ್ಲಿ ಯಾರೊಬ್ಬರೂ ತಮಗೆ ಈ ವಿಷಯ ಎಲ್ಲಿಂದ ತಿಳಿಯಿತೆಂದು ಹೇಳಿರಲಿಲ್ಲ.

ಹಾಗಾದರೆ ತಿಳಿದವರು ಯಾರು? ಬಂದವರೇ ಬರೆದಿದ್ದಾರೆ. ಟಾಗೋರರ ನೆನಪುಗಳ ಪುಸ್ತಕ 'ಜೀವನಸ್ಮೃತಿ' 1912ರಲ್ಲಿ ಪುಸ್ತಕವಾಗಿ ಬಂತು, 1917ರಲ್ಲಿ ಇಂಗ್ಲಿಷಿಗೂ ಅನುವಾದವಾಯಿತು. ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು, ತಾವು ಅವರ ಜೊತೆ ಉಳಿದಿದ್ದೆವು, 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಅಲ್ಲಿಯೇ ಬರೆದದ್ದು ಎಂಬುದೆಲ್ಲ ಅದರಲ್ಲಿದೆ. ಕಾರವಾರದಿಂದ ಮರಳಿದ ಸ್ವಲ್ಪ ಕಾಲದ ನಂತರ, ಬಂಗಾಳಿ ಶಕ 1290ರ ಅಗ್ರಹಾಯಣ 24ರಂದು, ತಮಗೆ ಮದುವೆಯಾಯಿತೆಂದೂ ಅವರು ಬರೆದಿದ್ದಾರೆ. ಅದು 1883ರ ಡಿಸೆಂಬರ್ 9. ನಾಟಕ ಅಚ್ಚಾದದ್ದು 1884ರಲ್ಲಿ. ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದರೆ 1882ಕ್ಕಿಂತ 1883 ಎಂಬುದೇ ಹೆಚ್ಚು ಹೊಂದುತ್ತದೆ, ವಯಸ್ಸಿನ ಲೆಕ್ಕವೂ ಕೂಡಿಬರುತ್ತದೆ.

ಸ್ವತಃ ಬರೆದುಕೊಂಡದ್ದು ಎಂಬ ಕಾರಣಕ್ಕೆ ಆ ಪುಸ್ತಕದ ಪ್ರತಿ ಸಾಲನ್ನೂ ಒಂದೇ ತೂಕದಲ್ಲಿ ನಂಬಬೇಕೇ ಎಂಬುದು ಅವಳ ಮುಂದಿನ ಪ್ರಶ್ನೆ. ನಾನು ಈ ಬರಹಕ್ಕೆ ಕೂತದ್ದೇ ಆ ಪ್ರಶ್ನೆಯಿಂದ. ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲ್ಮುಖವಾಗಿ ಹೋಗಿ, ಶಿವಾಜಿಯ ಹಳೆಯ ಬೆಟ್ಟದ ಕೋಟೆಯ ಬುಡದಲ್ಲಿ ಇಳಿದು, ಒಬ್ಬ ರೈತನ ಮನೆಯ ಚೆನ್ನಾಗಿ ಗುಡಿಸಿದ ಅಂಗಳಕ್ಕೆ ಹೋದೆವು ಎಂದು ಟಾಗೋರರು ಬರೆಯುತ್ತಾರೆ. ಅಂಗಳ ಗುಡಿಸಿತ್ತು ಎಂಬುದಕ್ಕೆ ಅವರು ಕಣ್ಣಾರೆ ಕಂಡ ಸಾಕ್ಷಿ. ಕೋಟೆ ಶಿವಾಜಿಯದು ಎಂಬುದಕ್ಕೆ ಅವರೂ ನಮ್ಮ ನಿಮ್ಮಂತೆ ಯಾರೋ ಹೇಳಿದ್ದನ್ನು ಕೇಳಿದವರು, ಅಷ್ಟೆ. ಅವರು ಕಂಡದ್ದು ಕಾರವಾರದ ಪಕ್ಕದ ಸದಾಶಿವಗಡವೇ ಆಗಿದ್ದರೆ, ಅದು ಶಿರಸಿ ಹತ್ತಿರದ ಸೋದೆಯ ಅರಸರು ಹದಿನೆಂಟನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆ. ಶಿವಾಜಿ ತೀರಿಕೊಂಡದ್ದು 1680ರಲ್ಲಿ. ಹೀಗೆ ಒಂದೇ ಪುಟದ ಒಂದು ಸಾಲು ಗಟ್ಟಿ, ಅದರ ಪಕ್ಕದ ಸಾಲು ಸಡಿಲ. ಅದೂ ಅಲ್ಲದೆ ಪುಸ್ತಕವನ್ನು ಬರೆದದ್ದು ಕಾರವಾರದಿಂದ ಹೋಗಿ ಸುಮಾರು ಮೂರು ದಶಕಗಳಾಗುವ ಹೊತ್ತಿಗೆ. ನೆನಪೆಂಬುದು ಇತಿಹಾಸವಲ್ಲ, ಕಾಣದ ಕಲಾವಿದನೊಬ್ಬ ಬಿಡಿಸಿದ ಚಿತ್ರ ಎಂಬ ಎಚ್ಚರಿಕೆಯನ್ನು ಟಾಗೋರರೇ ಪುಸ್ತಕದ ಆರಂಭದಲ್ಲಿ ಕೊಟ್ಟಿದ್ದಾರೆ. ಅಷ್ಟು ಪ್ರಾಮಾಣಿಕತೆ ಆ ಹತ್ತು ಆಕರಗಳಲ್ಲಿ ಒಂದಕ್ಕೂ ಇರಲಿಲ್ಲ.

ಸರ್ಕಾರಿ ದಾಖಲೆಗಳಿಗೂ ಇದೇ ಮಾತು ಸಲ್ಲುತ್ತದೆ. ಮುಂಬಯಿ ಪ್ರಾಂತ್ಯದ ಗೆಜೆಟಿಯರಿನ, ಅಂದರೆ ಜಿಲ್ಲೆಗಳ ವಿವರ ಕೊಡುವ ಸರ್ಕಾರಿ ಗ್ರಂಥದ, ಕೆನರಾ (ಇಂದಿನ ಉತ್ತರ ಕನ್ನಡ) ಸಂಪುಟ ಅಚ್ಚಾದದ್ದೂ 1883ರಲ್ಲೇ. ಆ ಕಾಲದ ಕಂದಾಯ, ಬಂದರಿನ ವ್ಯಾಪಾರ, ತಾಲ್ಲೂಕುಗಳ ವಿವರಕ್ಕೆ ನಾನು ಈಗಲೂ ಮೊದಲು ತೆರೆಯುವುದು ಅದನ್ನೇ. ಆದರೆ ಕುಮರಿ ಬೇಸಾಯ (ಕಾಡು ಕಡಿದು ಸುಟ್ಟು ಮಾಡುವ ಬೇಸಾಯ) ಮಾಡುತ್ತಿದ್ದವರ ಬಗ್ಗೆ ಬರೆಯುವ ವಿದ್ಯಾರ್ಥಿ, ಕಾಡಿನ ಆದಾಯವನ್ನು ಕಾಯುತ್ತಿದ್ದ ಆಡಳಿತದ ಕಣ್ಣು ಅದು ಎಂಬುದನ್ನು ಮರೆಯಬಾರದು.

ವಿಕಿಪೀಡಿಯವನ್ನು ಮುಟ್ಟಲೇಬೇಡಿ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅದರ ಅಡಿಟಿಪ್ಪಣಿಗಳು ದಾರಿ ತೋರಿಸುತ್ತವೆ, ಆ ದಾರಿಯಲ್ಲಿ ಕೊನೆಯವರೆಗೂ ನಡೆಯಬೇಕು. ಈಚೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ತಂತ್ರಾಂಶದ ಕಥೆ ಬೇರೆ. ಅವಳು ಕೇಳಿದ್ದಕ್ಕೆ ಅದು ಪುಸ್ತಕದ ಹೆಸರು, ವರ್ಷ, ಪುಟಸಂಖ್ಯೆ ಎಲ್ಲವನ್ನೂ ಒಪ್ಪವಾಗಿ ಕೊಟ್ಟಿತ್ತು. ಅಂಥದೊಂದು ಪುಸ್ತಕವೇ ಎಲ್ಲಿಯೂ ಸಿಗಲಿಲ್ಲ.

ಕೊನೆಗೆ ಅವಳ ಹದಿನಾಲ್ಕು ಆಕರಗಳಲ್ಲಿ ಉಳಿದದ್ದು ನಾಲ್ಕು. ಕೋಟೆಯ ಸಾಲಿಗೆ ಅವಳು, ಇದು ಟಾಗೋರರು ಕೇಳಿ ತಿಳಿದದ್ದಿರಬೇಕು ಎಂದು ತಾನೇ ಒಂದು ಅಡಿಟಿಪ್ಪಣಿಯನ್ನೂ ಸೇರಿಸಿದಳು. ಆಗ ಗೊತ್ತಾಯಿತು, ಕನಿಷ್ಠ ಹತ್ತು ಆಕರಗಳಿಲ್ಲದ ಪ್ರಬಂಧಕ್ಕೆ ಅಂಕ ಕಡಿತ ಎಂಬ ನಿಯಮವಿದೆಯಂತೆ. ತೆಗೆದುಹಾಕಿದ್ದರಲ್ಲಿ ಆರನ್ನು ಮತ್ತೆ ಸೇರಿಸಲೇ ಎಂದು ಅವಳು ಕೇಳಿದಳು. ಬೇಡ, ಏಕೆ ತೆಗೆದೆ ಎಂಬುದನ್ನೇ ಒಂದು ಪುಟ ಬರೆದು ಜೋಡಿಸು ಎಂದೆ. ಅಂಕಗಳು ಇನ್ನೂ ಬಂದಿಲ್ಲ.