ಇಪ್ಪತ್ತು ಲಕ್ಷದ ಫ್ಲಾಸ್ಕ್

ಯುಪಿಐಗೆ ಬಂದ ದುಡ್ಡನ್ನು ಎಣಿಸಿ 2025ರ ಜುಲೈನಲ್ಲಿ ಸಣ್ಣ ಅಂಗಡಿಗಳಿಗೆ ಕೊಟ್ಟ ಜಿಎಸ್‌ಟಿ ನೋಟಿಸು ವಾಪಸ್ ಆಯಿತು, ಬೋರ್ಡು ಇನ್ನೂ ಆಗಿಲ್ಲ. ಬೆಂಗಳೂರಿನ ಎಷ್ಟೋ ಕಾಂಡಿಮೆಂಟ್ಸ್ ಅಂಗಡಿಗಳ ಗಲ್ಲಾದ ಮುಂದೆ ಕ್ಯೂಆರ್ ಕೋಡ್ ಕಿತ್ತ ಜಾಗದಲ್ಲಿ ಗೋಂದಿನ ಚೌಕ ಹಾಗೇ ಉಳಿದಿದೆ. ಪಕ್ಕದಲ್ಲಿ ಬಿಸ್ಕತ್ತಿನ ರಟ್ಟು ಹರಿದು ಸ್ಕೆಚ್ ಪೆನ್ನಿನಲ್ಲಿ ಬರೆದದ್ದು: ‘ನೋ ಯುಪಿಐ, ಕ್ಯಾಶ್ ಓನ್ಲಿ’. ‘ಓನ್ಲಿ’ಯ ಕೆಳಗೆ ಎರಡು ಗೆರೆ.

ಆದರೂ ನಮ್ಮ ವಾಣಿಜ್ಯ ತೆರಿಗೆ ಇಲಾಖೆಯ ಜಾಣ್ಮೆಯನ್ನು ಮೆಚ್ಚಲೇಬೇಕು. ಬೇರೆ ಇಲಾಖೆಯವರು ಕೋಟ್ಯಧೀಶರನ್ನು ಹಿಡಿಯಲು ಫಾರ್ಮ್‌ಹೌಸು, ಲಾಕರು, ಬಚ್ಚಲುಮನೆಯ ಅಟ್ಟ ಎಂದು ತಡಕುತ್ತಾರೆ. ಇವರು ಕುರ್ಚಿ ಬಿಟ್ಟೇಳದೆ ಹಾವೇರಿಯ ಒಂದು ತರಕಾರಿ ಅಂಗಡಿಯಲ್ಲಿ ಕೋಟ್ಯಧೀಶನನ್ನು ಕಂಡುಹಿಡಿದರು. ನಾಲ್ಕು ವರ್ಷಕ್ಕೆ 1.63 ಕೋಟಿ ವಹಿವಾಟು, ಕಟ್ಟಬೇಕಾದ ತೆರಿಗೆ 29 ಲಕ್ಷ. ಕ್ಯಾಲ್ಕುಲೇಟರ್ ಒತ್ತಿ ನೋಡಿ: 1.63 ಕೋಟಿಗೆ ನೂರಕ್ಕೆ 18ರಂತೆ 29.34 ಲಕ್ಷ. ಅದೇ 1.63 ಕೋಟಿಯನ್ನು ನಾಲ್ಕು ವರ್ಷದ ದಿನಗಳಿಗೆ ಭಾಗಿಸಿದರೆ ದಿನಕ್ಕೆ 11 ಸಾವಿರ ಚಿಲ್ಲರೆ, ಅದರಲ್ಲಿ ಹೆಚ್ಚಿನ ಪಾಲು ಬೆಳಿಗ್ಗೆಯೇ ರೈತರ ಕೈಗೆ ಹೋಗಿರುತ್ತದೆ. ಇನ್ನು ತಾಜಾ ತರಕಾರಿಗೆ ಜಿಎಸ್‌ಟಿ ಎಷ್ಟು? ಸೊನ್ನೆ. ಇಲಾಖೆಯ ಕಂಪ್ಯೂಟರಿಗೆ ದುಡ್ಡು ಬಂದದ್ದು ಕಂಡಿತು, ಆ ದುಡ್ಡಿಗೆ ಹೋದದ್ದು ಬದನೆಕಾಯಿ ಅನ್ನುವುದು ಕಾಣಲಿಲ್ಲ. ಕಣ್ಣು ಚುರುಕಾಗಿದೆ, ಮೂಗು ಕಟ್ಟಿದೆ.

ತರಕಾರಿಯವರದು ಹೇಗೋ ಬಚಾವು. ತೆರಿಗೆಯಿಲ್ಲದ ಮಾಲನ್ನಷ್ಟೇ ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ ಎಂದು ಕಾಯ್ದೆಯಲ್ಲೇ ಇದೆ. ನಿಜವಾಗಿ ಸಿಕ್ಕಿಕೊಂಡವನು ಕಾಂಡಿಮೆಂಟ್ಸ್‌ನವನು. ಅವನ ಲೆಕ್ಕವನ್ನು ಒಮ್ಮೆ ಹಾಕಿಯೇ ನೋಡೋಣ. ದಿನಕ್ಕೆ 100 ಲೀಟರ್ ಹಾಲು, ಲೀಟರಿಗೆ 46 ರೂಪಾಯಿ: ವರ್ಷಕ್ಕೆ 16.79 ಲಕ್ಷ. ಕೂಲ್‌ಡ್ರಿಂಕ್ಸು ದಿನಕ್ಕೆ 4 ಸಾವಿರ: 14.60 ಲಕ್ಷ. ಬ್ರೆಡ್ಡು, ಬಾಳೆಹಣ್ಣು ಸೇರಿ ಒಂದೂವರೆ ಸಾವಿರ: 5.47 ಲಕ್ಷ. ಬಿಸ್ಕತ್ತು, ಚಿಪ್ಸು, ಜ್ಯೂಸು 1,200: 4.38 ಲಕ್ಷ. ಒಟ್ಟು 41 ಲಕ್ಷ ದಾಟಿತು. ಸರಕು ಮಾರುವವರ ನೋಂದಣಿ ಮಿತಿ 40 ಲಕ್ಷ. ಬಿದ್ದ.

ಅಲ್ಲ ಸ್ವಾಮಿ, ಅದರಲ್ಲಿ ಹಾಲು, ಬ್ರೆಡ್ಡು, ಬಾಳೆಹಣ್ಣಿನ 22 ಲಕ್ಷಕ್ಕೆ ತೆರಿಗೆಯೇ ಇಲ್ಲವಲ್ಲ ಎನ್ನುತ್ತೀರಾ? ತೆರಿಗೆ ಇಲ್ಲ, ನಿಜ. ಎಣಿಕೆ ಇದೆ. ಕಾಯ್ದೆಯ ‘ಒಟ್ಟು ವಹಿವಾಟು’ ಅನ್ನುವ ಪದದೊಳಗೆ ತೆರಿಗೆ ಇಲ್ಲದ ಮಾಲೂ ಸೇರುತ್ತದೆ. ಬರೀ ಹಾಲು ಮಾರಿದರೆ ಎರಡು ಕೋಟಿ ಆದರೂ ಯಾರೂ ಮಾತಾಡಿಸುವುದಿಲ್ಲ. ಹಾಲಿನ ಪಕ್ಕ ಒಂದು ಡಬ್ಬಿ ಬಿಸ್ಕತ್ತು ಇಟ್ಟಿರೋ, ಅಷ್ಟೂ ಹಾಲು ನಿಮ್ಮ ತಲೆಗೆ. ಕೂಲ್‌ಡ್ರಿಂಕ್ಸಿನ ಕಥೆ ಇನ್ನೂ ಸೊಗಸು. ಬಾಟಲಿಯ ಬೆಲೆಯಲ್ಲಿ ಬಹುಪಾಲು ಕಂಪನಿಗೇ ಹೋಗುತ್ತದೆ, ಅಂಗಡಿಯವನದು ಚಿಕ್ಕ ಮಾರ್ಜಿನ್. ವಹಿವಾಟಿನ ಎಣಿಕೆಗೆ ಮಾತ್ರ ಪೂರ್ತಿ ಬೆಲೆ. ಎಲ್ಲ ಸೇರಿ ನೂರಕ್ಕೆ ಐದು ಉಳಿಯುತ್ತದೆ ಅಂದುಕೊಂಡರೂ ವರ್ಷಕ್ಕೆ ಎರಡು ಲಕ್ಷ ಆಯಿತು, ಬಾಡಿಗೆ, ಕರೆಂಟು ಬಿಲ್ಲು ಕೊಡುವುದಕ್ಕೆ ಮುಂಚೆ.

ಈಗ ಆ ಅಂಗಡಿಯವನು ಬೆಳಗಿನ ವಾಕಿಂಗಿನವರು ಕೇಳುತ್ತಾರೆಂದು ಗಲ್ಲಾದ ಮೂಲೆಯಲ್ಲಿ ಒಂದು ಸ್ಟೀಲ್ ಫ್ಲಾಸ್ಕ್ ಇಟ್ಟು, ಪೇಪರ್ ಕಪ್ಪಿನಲ್ಲಿ ಟೀ ಕೊಡಲು ಶುರು ಮಾಡಿದ ಎಂದುಕೊಳ್ಳಿ. 40 ಲಕ್ಷದ ಮಿತಿ ಬರೀ ಸರಕು ಮಾರುವವರಿಗೆ ಮಾತ್ರ. ಟೀ ಮಾಡಿ ಕೊಡುವುದು ಕಾಯ್ದೆಯ ಕಣ್ಣಲ್ಲಿ ಸೇವೆ. ಸೇವೆ ಸೇರಿದ ಗಳಿಗೆಗೆ ಮಿತಿ 20 ಲಕ್ಷಕ್ಕೆ ಇಳಿಯಿತು. ಇಡೀ ಅಂಗಡಿಯ ಹಾಲು, ಕೂಲ್‌ಡ್ರಿಂಕ್ಸು, ಬಾಳೆಹಣ್ಣು ಎಲ್ಲವೂ ಆ 20ರ ಕೆಳಗೆ. ದಿನಕ್ಕೆ 5,480 ರೂಪಾಯಿಗಿಂತ ಹೆಚ್ಚು ವ್ಯಾಪಾರ ಆದರೆ ಮುಗಿಯಿತು. ಸಂತೆಯಲ್ಲಿ ಆ ಫ್ಲಾಸ್ಕಿಗೆ ಏನು ಬೆಲೆಯಿದೆಯೋ ಗೊತ್ತಿಲ್ಲ, ಜಿಎಸ್‌ಟಿ ಲೆಕ್ಕದಲ್ಲಿ ಅದಕ್ಕೆ 20 ಲಕ್ಷ. ಇದನ್ನು ಅಂಗಡಿಯವನಿಗೆ ಯಾರು ಹೇಳಬೇಕಿತ್ತು? ಫ್ಲಾಸ್ಕಿನ ಡಬ್ಬದ ಮೇಲೂ ಅಚ್ಚು ಹಾಕಿರಲಿಲ್ಲ.

ಈ ತೆರಿಗೆಗೆ ವಸ್ತುಗಳ ಸ್ವಭಾವ ಬದಲಿಸುವ ಶಕ್ತಿ ಮೊದಲಿನಿಂದಲೂ ಇದೆ. 2020ರಲ್ಲಿ, ಯಾವ ಮಾಲಿಗೆ ಎಷ್ಟು ತೆರಿಗೆ ಎಂದು ಮೊದಲೇ ಹೇಳುವ ನಮ್ಮ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ‘ಪರೋಟ ರೊಟ್ಟಿಯ ಜಾತಿಯೇ?’ ಎಂಬ ಪ್ರಶ್ನೆ ಬಂತು. ಪ್ಯಾಕೆಟ್ಟಿನ ಪರೋಟವನ್ನು ತಿನ್ನುವ ಮೊದಲು ಬಿಸಿ ಮಾಡಬೇಕು, ಆದ್ದರಿಂದ ಅದು ರೊಟ್ಟಿಯಲ್ಲ ಎಂದು ತೀರ್ಪು. ರೊಟ್ಟಿಗೆ 5, ಪರೋಟಕ್ಕೆ 18. ಐದು ವರ್ಷ ಆದ ಮೇಲೆ, 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಸೊನ್ನೆ. ಪರೋಟವನ್ನು ಈಗಲೂ ಬಿಸಿ ಮಾಡಿಯೇ ತಿನ್ನುತ್ತಾರೆ. ಇನ್ನು ಪಾಪ್‌ಕಾರ್ನ್: 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಕೂತ ಜಿಎಸ್‌ಟಿ ಮಂಡಳಿ ವಿವರಣೆ ಕೊಟ್ಟಿತು. ಉಪ್ಪು ಖಾರ ಹಾಕಿ ಬಿಡಿಯಾಗಿ ಕೊಟ್ಟರೆ 5, ಅದನ್ನೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದರೆ 12, ಸಕ್ಕರೆ ಪಾಕ ಬಿದ್ದರೆ 18, ಇವು ಆಗಿನ ದರಗಳು. ಮರಳುಗಾಡಿನ ಬಿಸಿಲಿನ ಪ್ರಭಾವ ಎನ್ನೋಣವೆಂದರೆ ಅದು ಡಿಸೆಂಬರ್.

ಅಕ್ಕಿಯ ಮೂಟೆಯದು ನನಗೆ ಎಲ್ಲಕ್ಕಿಂತ ಇಷ್ಟ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟು 25 ಕಿಲೋವರೆಗೆ ಇದ್ದರೆ 5 ಪರ್ಸೆಂಟ್ ಎಂದರು. ಬಂತಲ್ಲ ಮಾರುಕಟ್ಟೆಗೆ 26 ಕಿಲೋ ಮೂಟೆ! ಒಂದು ಕಿಲೋ ಹೆಚ್ಚಾದರೆ ತೆರಿಗೆ ಮಾಫಿ. ದೊಡ್ಡ ಮೂಟೆ ಕೊಳ್ಳುವ ತಾಕತ್ತಿದ್ದವನಿಗೆ ಸೊನ್ನೆ, ಐದು ಕಿಲೋ ಚೀಲ ಒಯ್ಯುವವನಿಗೆ ಐದು. ಹೊರುವ ಹಮಾಲಿಯ ಬೆನ್ನಿಗೆ ಒಂದು ಕಿಲೋ ಸೆಸ್.

ಹಾಂ, ಯುಪಿಐ. ಕ್ಯೂಆರ್‌ಗೆ ಬಂದ ದುಡ್ಡೆಲ್ಲ ವ್ಯಾಪಾರ ಎಂದು ನಂಬಿದ ಇಲಾಖೆಯವರು ಒಂದು ಸಂಜೆ ಅಂಗಡಿಯ ಮುಂದೆ ನಿಂತಿದ್ದರೆ ಸಾಕಿತ್ತು. “ಅಣ್ಣಾ, ಎಟಿಎಂನಲ್ಲಿ ದುಡ್ಡಿಲ್ಲ, ಐನೂರು ಸ್ಕ್ಯಾನ್ ಮಾಡ್ತೀನಿ, ಕ್ಯಾಶ್ ಕೊಡಿ” ಎಂದು ಒಬ್ಬ ಬರುತ್ತಾನೆ. ಅಣ್ಣ ಕೊಡುತ್ತಾನೆ. ಸ್ಪೀಕರ್ ಪೆಟ್ಟಿಗೆ ‘ಐನೂರು ರೂಪಾಯಿ ಬಂದಿದೆ’ ಎಂದು ಬೀದಿಗೆಲ್ಲ ಸಾರುತ್ತದೆ, ಗಲ್ಲಾದಿಂದ ಐನೂರು ಹೋದದ್ದನ್ನು ಸಾರುವ ಪೆಟ್ಟಿಗೆ ಇನ್ನೂ ಬಂದಿಲ್ಲ. ಅದೇ ಖಾತೆಗೆ ಊರಿನಿಂದ ತಮ್ಮ ಕಳಿಸಿದ ಕೈಗಡ ಬರುತ್ತದೆ, ಚೀಟಿ ಎತ್ತಿದ ದುಡ್ಡು ಬರುತ್ತದೆ, ಮೇಲಿನ ಮನೆಯವರು ತಪ್ಪಿ ಹಾಕಿ ವಾಪಸ್ ಇಸ್ಕೊಂಡದ್ದೂ ಬರುತ್ತದೆ. ನಾಲ್ಕು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಒಂದೊಂದು ಸಾಲಿನ ಮುಂದೆ ಇದು ಹಾಲು, ಇದು ಚೀಟಿ, ಇದು ತಮ್ಮ ಎಂದು ಬರೆದು ತೋರಿಸಬೇಕಾದವನು ಯಾರು? ಬೆಳಿಗ್ಗೆ ಐದಕ್ಕೆ ಶಟರ್ ಎತ್ತಿ ರಾತ್ರಿ ಹತ್ತಕ್ಕೆ ಎಳೆಯುವವನು. ಕೂಲ್‌ಡ್ರಿಂಕ್ಸು, ಬಿಸ್ಕತ್ತಿಗೆ ಡಿಸ್ಟ್ರಿಬ್ಯೂಟರ್ ಬಿಲ್ಲಾದರೂ ಸಿಕ್ಕೀತು. ಬಾಳೆಗೊನೆಗೆ ಬಿಲ್ಲು ಕೊಟ್ಟವರನ್ನು ಕಂಡವರು ಯಾರಾದರೂ ಇದ್ದರೆ ತಿಳಿಸಿ.

ಇಲ್ಲಿಂದ ಮುಂದೆ ನಗು ಬರುತ್ತಿಲ್ಲ. 2021-22ರ ಲೆಕ್ಕವನ್ನು 2025ರ ಜುಲೈನಲ್ಲಿ ಕೇಳಿದರು. ಯುಪಿಐ ಅಂದರೆ ಅದೇ ಕ್ಷಣ ದಾಖಲಾಗುವ ಲೆಕ್ಕ. ಮಿತಿ ದಾಟಿದ ತಿಂಗಳೇ ಒಂದು ಎಸ್‌ಎಂಎಸ್ ಹೋಗಿದ್ದರೆ ಅವನು ಸಣ್ಣ ವ್ಯಾಪಾರಿಗಳಿಗೆ ಕಡಿಮೆ ದರದ ಕಾಂಪೋಸಿಷನ್ ಸ್ಕೀಮಿಗೆ ಸೇರಿ ನೂರಕ್ಕೆ ಒಂದು ರೂಪಾಯಿ ಕಟ್ಟುತ್ತಿದ್ದ, ಮೇಲೆ ಹಾಕಿದ ಲೆಕ್ಕದಲ್ಲಿ ತೆರಿಗೆಯುಳ್ಳ ಮಾಲಿನ 19 ಲಕ್ಷಕ್ಕೆ ವರ್ಷಕ್ಕೆ 19 ಸಾವಿರ. ಕಷ್ಟ, ಆದರೂ ಕಟ್ಟಬಹುದು. ಹಿಂದಿನ ವರ್ಷಗಳಿಗೆ ಹೋಗಿ ಆ ಸ್ಕೀಮು ಸೇರಲು ಬರುವುದಿಲ್ಲ. ಹಾಗಾಗಿ ಗಿರಾಕಿಯಿಂದ ಒಂದು ಪೈಸೆ ವಸೂಲಿ ಮಾಡದ ತೆರಿಗೆಯನ್ನು ಪೂರ್ತಿ ದರದಲ್ಲಿ ಕಟ್ಟು, ಅದಕ್ಕೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ ಕೊಡು, ಮೇಲೆ ದಂಡ ಕೊಡು. ನೋಟು ರದ್ದಾದ 2016ರಿಂದ ‘ಡಿಜಿಟಲ್ ಆಗು, ಡಿಜಿಟಲ್ ಆಗು’ ಎಂದು ಬೆನ್ನು ತಟ್ಟಿದವರೇ ಆ ಬೆನ್ನಿಗೆ ಬಾರಿಸಿದರು. ಮಾತು ಕೇಳಿ ಕ್ಯೂಆರ್ ಅಂಟಿಸಿದವನು ಸಿಕ್ಕಿಬಿದ್ದ. ಕೇಳದೆ ನೋಟು ಎಣಿಸಿಕೊಂಡು ಕೂತವನಿಗೆ ಏನೂ ಆಗಲಿಲ್ಲ, ಅವನು ಈ ಸಲವೂ ಎಣಿಸುತ್ತಲೇ ಇದ್ದಾನೆ.

ಜಗಳ ಹತ್ತಿದಾಗ ದೆಹಲಿಯವರು ‘ನೋಟಿಸು ಕೊಟ್ಟದ್ದು ರಾಜ್ಯ’ ಎಂದರು, ಇಲ್ಲಿನವರು ‘ಜಿಎಸ್‌ಟಿ ತಂದದ್ದು ಕೇಂದ್ರ’ ಎಂದರು. ವಸೂಲಾದದ್ದನ್ನು ಅರ್ಧರ್ಧ ಹಂಚಿಕೊಳ್ಳುವಾಗ ಇಬ್ಬರಿಗೂ ವಿಳಾಸ ಸರಿಯಾಗಿ ಗೊತ್ತು. ಅಂಗಡಿಯವರು ಕಪ್ಪು ಪಟ್ಟಿ ಕಟ್ಟಿ ಹಾಲಿಲ್ಲದ ಟೀ ಮಾರಿದರು, ಬಂದ್ ಎಂದರು, ಮುಖ್ಯಮಂತ್ರಿಗಳು ಜುಲೈ 23ರಂದು ಸಭೆ ಕರೆದು ಹಳೆ ಬಾಕಿ ಕೇಳುವುದಿಲ್ಲ, ಆದರೆ ನೋಂದಣಿ ಮಾಡಿಸಿ ಎಂದರು.

ನೋಂದಣಿ ಸುಲಭ, ಆನ್‌ಲೈನ್. ಪ್ಯಾನು, ಆಧಾರು, ಫೋಟೋ, ಅಂಗಡಿಯ ಬಾಡಿಗೆ ಕರಾರು, ಕಟ್ಟಡದ ಕರೆಂಟ್ ಬಿಲ್ಲು. ಬಾಡಿಗೆ ಕರಾರಿನ ಹತ್ತಿರ ಗಾಡಿ ನಿಲ್ಲುತ್ತದೆ. ‘ನನ್ನ ಹೆಸರು ಎಲ್ಲೂ ಬರಬಾರದು’ ಎನ್ನುವ ಓನರ್ ಮೊದಲು ಮನೆಯೊಳಗೆ ಹೋಗುತ್ತಾರೆ, ಆಮೇಲೆ ಊರಿಗೆ ಹೋಗುತ್ತಾರೆ. ದಾಟಿದಿರಿ ಎನ್ನಿ. ಕಾಂಪೋಸಿಷನ್ ಸೇರಿದವನು ಮೂರು ತಿಂಗಳಿಗೊಮ್ಮೆ 18ನೇ ತಾರೀಖಿನೊಳಗೆ ಸಿಎಂಪಿ-08 ಎಂಬ ತೆರಿಗೆ ಲೆಕ್ಕ, ವರ್ಷಕ್ಕೊಮ್ಮೆ ಜೂನ್ 30ರೊಳಗೆ ಜಿಎಸ್‌ಟಿಆರ್-4 ಎಂಬ ವಾರ್ಷಿಕ ರಿಟರ್ನ್ ಸಲ್ಲಿಸಬೇಕು. ವ್ಯಾಪಾರ ನಡೆಯದ ತ್ರೈಮಾಸಿಕಕ್ಕೂ ಸೊನ್ನೆ ಎಂದು ಬರೆದು ಸಲ್ಲಿಸಬೇಕು. ‘ನಾನು ಕಾಂಪೋಸಿಷನ್‌ನವನು, ಗಿರಾಕಿಯಿಂದ ತೆರಿಗೆ ಪಡೆಯುವ ಅರ್ಹತೆ ನನಗಿಲ್ಲ’ ಎಂದು ಬಿಲ್ಲಿನ ಮೇಲೆ ಬರೆಯಬೇಕು, ಅಂಗಡಿಯ ಮುಂದೆ ಬೋರ್ಡೂ ಹಾಕಬೇಕು. ಆ ರಟ್ಟಿಗಾದರೂ ಕೆಲಸ ಸಿಕ್ಕಿತು, ಹಿಂಭಾಗ ಖಾಲಿ ಇದೆ.

ಅಂಗಡಿಯವರೇನು ಸುಮ್ಮನೆ ಕೂರುವವರೇ? ‘ಕ್ಯಾಶ್ ಓನ್ಲಿ’ ಎಂದರೆ ಗಿರಾಕಿ ಪಕ್ಕದಂಗಡಿಗೆ ನಡೆಯುತ್ತಾನೆ. ಅದಕ್ಕೇ ಕೆಲವು ಕಡೆ ಕ್ಯೂಆರ್ ಮೆಲ್ಲಗೆ ವಾಪಸ್ ಬಂದಿದೆ, ಒಂದಲ್ಲ, ಮೂರು. ಒಂದರಿಂದ ಹತ್ತನೇ ತಾರೀಖಿನವರೆಗೆ ಹೆಂಡತಿಯದು, ಇಪ್ಪತ್ತರವರೆಗೆ ಭಾಮೈದನದು, ಆಮೇಲೆ ತಿಂಗಳ ಕೊನೆಯವರೆಗೆ ಅತ್ತೆಯದು. ಒಂದು ಜ್ಯೂಸು, ಒಂದು ಬಾಳೆಹಣ್ಣಿಗೆ ಸ್ಕ್ಯಾನ್ ಮಾಡಿದರೆ ಮೊಬೈಲಿನಲ್ಲಿ ಯಾವುದೋ ‘ಅಮ್ಮ’ನ ಹೆಸರು ಮೂಡುತ್ತದೆ. ಗಿರಾಕಿ ಗಾಬರಿಯಾಗಿ “ಸರಿ ಇದೆಯಾ ಅಣ್ಣಾ ಇದು?” ಎಂದರೆ, “ಹಾಕಿ ಸಾರ್, ನಮ್ಮತ್ತೇದೇ” ಎನ್ನುತ್ತಾನೆ. ಅತ್ತೆ ಊರಲ್ಲಿ ಎಮ್ಮೆ ಕಟ್ಟಿಕೊಂಡು ಆರಾಮಾಗಿದ್ದಾರೆ, ತಮ್ಮ ವಹಿವಾಟು 13 ಲಕ್ಷ ದಾಟಿದ್ದು ಅವರಿಗಿನ್ನೂ ತಿಳಿದಿಲ್ಲ. ಅವರ ಮನೆಯಲ್ಲಿ ಫ್ಲಾಸ್ಕ್ ಇಲ್ಲ ಎಂಬುದನ್ನು ಮಾತ್ರ ಅಳಿಯ ಖಾತ್ರಿ ಮಾಡಿಕೊಂಡಿದ್ದಾನೆ.